ಏಳೂವರೆಗೆ ಸತ್ತವನು

ಉದಗೀರದ ಹೊಸ ಸೀರೆಯಂಗಡಿಯವರು ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಮೀನಲಳನ್ನು ಮುಖ್ಯ ಅತಿಥಿಯೆಂದು ಕರೆದಿದ್ದರು. ಅದೇ ವೇದಿಕೆಗೆ ಅವಳ ಸತ್ತ ಗಂಡನನ್ನೂ ಕರೆದಿದ್ದೇವೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಹೇಳದಿದ್ದರೆ ಸರ್‌ಪ್ರೈಜ್ ಆಗುತ್ತದೆ, ಜನ ಸೇರುತ್ತಾರೆ, ಸೇರಿದ ಜನ ಒಂದಾದರೂ ಸೀರೆ ಬಿಚ್ಚಿಸಿ ನೋಡುತ್ತಾರೆ ಎಂದು ಅವರ ಎಣಿಕೆ. ವ್ಯಾಪಾರಿಗಳ ಎಣಿಕೆ ಸಾಮಾನ್ಯವಾಗಿ ತಪ್ಪುವುದಿಲ್ಲ.

ಅವನು ಬಂದ. ಬಿಳಿ ಅಂಗಿ, ಮೊದಲಿಗಿಂತ ತುಸು ಕಪ್ಪಾದ ಮುಖ, ಹಣೆಯ ಮೇಲೆ ಬೀರಪ್ಪನ ಭಂಡಾರದ ಹಳದಿ. ಶೂಟಿಂಗಿನ ದಿನಗಳಲ್ಲಿ ಮೇಕಪ್ಪಿನವನು ಮುಂಜಾನೆ ಎದ್ದ ಕೂಡಲೆ ಆ ಹಳದಿಯನ್ನು ಒದ್ದೆ ಸ್ಪಂಜಿನಿಂದ ಒರೆಸಿ, ತುರೋರಿಯ ಕುರಿಯವರ ಮನೆಯ ಕನಕರಾಜನನ್ನು ಸಂಗ್ರಾಮ ಸರ್‌ದೇಶಮುಖನನ್ನಾಗಿ ಮಾಡುತ್ತಿದ್ದ. ಈಗ ಒರೆಸುವವರು ಯಾರೂ ಇರಲಿಲ್ಲ.

ಪೆಂಡಾಲಿನ ಹೆಂಗಸರು ಗಪ್ಪಾದರು. ಮುಂದಿನ ಸಾಲಿನ ಮುದುಕಿಯೊಬ್ಬಳು, ಇವನು ಜೀವಂತ ಇದ್ದಾನಲ್ಲವ್ವ ಎಂದು ಪಕ್ಕದವಳಿಗೆ ಹೇಳಿದ್ದು ಮೈಕಿಲ್ಲದೆಯೂ ವೇದಿಕೆಗೆ ಕೇಳಿಸಿತು. ನಗೆ ಎದ್ದಿತು. ಅವನೂ ನಕ್ಕ. ಮೀನಲ ಮೈಕಿನ ಕಡೆ ನೋಡುತ್ತ ಕುಳಿತಳು. ಮೈಕು ಅಷ್ಟೊತ್ತು ನೋಡುವಂಥ ವಸ್ತುವೇನಲ್ಲ.

ಅವನು ಪಕ್ಕದ ಕುರ್ಚಿಯಲ್ಲಿ ಕುಳಿತು ಮೊದಲು ಅವಳ ಸೀರೆಯ ಅಂಚು ನೋಡಿದ. ಆಮೇಲೆ ತೊಡೆಯ ಮೇಲಿದ್ದ ಅವಳ ಕೈ ನೋಡಿದ. ಕೊನೆಗೆ, ಬಾಗಿಲು ತಟ್ಟದೆ ಒಳಗೆ ಬಂದವನ ಅಳುಕಿನಲ್ಲಿ, ಮುಖ ನೋಡಿದ.

"ಆರಾಮ ಇದ್ದೀ?" ಎಂದು ಮೆಲ್ಲಗೆ ಕನ್ನಡದಲ್ಲಿ ಕೇಳಿದ.

"ಆರಾಮ ಇದ್ದೀನ್ರಿ," ಎಂದಳು.

ಆ 'ರೀ' ಅವನಿಗೆ ತಾಗಿತು. ತಾಗಲೆಂದೇ ಹಾಕಿದ್ದಳು.

ಒಂದು ಕಾಲದಲ್ಲಿ ಅವರಿಬ್ಬರ ಟಿವಿ ಮಾಲಿಕೆಗಾಗಿ ಉಮರ್ಗಾದಿಂದ ಉದಗೀರದವರೆಗೆ ಹೆಂಗಸರು ರೊಟ್ಟಿ ಬಡಿಯುವ ಹೊತ್ತು ಬದಲಿಸಿಕೊಂಡಿದ್ದರು. ಮರಾಠಿ ಚಾನಲ್ಲಿನಲ್ಲಿ ಸಂಜೆ ಏಳೂವರೆಗೆ ಸಂಗ್ರಾಮ ಮತ್ತು ಮೃದುಲಾ ಎಂಬ ಗಂಡ ಹೆಂಡತಿ ಒಬ್ಬರನ್ನೊಬ್ಬರು ತಪ್ಪು ತಿಳಿಯುತ್ತಿದ್ದರು. ಎಂಟಕ್ಕೆ ಮುನ್ನ ಸರಿ ತಿಳಿಯುತ್ತಿದ್ದರು. ಅಷ್ಟೇ ಕಥೆ. ಆದರೆ ಇಬ್ಬರೂ ಈ ಕಡೆಯವರು, ಅವನು ಉಮರ್ಗಾದ ಹತ್ತಿರದವನು, ಅವಳು ನಿಲಂಗಾದವಳು ಎಂಬುದು ಊರೂರಿಗೆ ಹಬ್ಬಿತ್ತು. ನಮ್ಮ ಹುಡುಗ, ನಮ್ಮ ಹುಡುಗಿ ಎನ್ನುವವರಿಗೆ ಆಗ ಕಡಿಮೆಯಿರಲಿಲ್ಲ.

ಮುಂಬಯಿ ಪಕ್ಕದ ಠಾಣೆ ಊರಿನ ಹತ್ತಿರದ ಬಂಗಲೆಯಲ್ಲಿ ಶೂಟಿಂಗ್. ಮೊದಲ ದಿನವೇ ಅವನು ಲೈಟಿನ ಸ್ಟ್ಯಾಂಡಿಗೆ ಕಾಲ್ಬೆರಳು ಎಡವಿ "ಅಯ್ಯೋ ಯವ್ವಾ" ಎಂದಿದ್ದ. ಪಕ್ಕದ ಕೋಣೆಯಿಂದ ಒಂದು ನಗು ಬಂತು. ಮುಂಬಯಿಯವರಿಗೆ ನೋವು ತಿಳಿದೀತು, ಯವ್ವ ತಿಳಿಯುವುದಿಲ್ಲ. ನಕ್ಕವರು ಯಾರೆಂದು ನೋಡಲು ಅವನು ಕುಂಟುತ್ತ ಹೋದ. ಅಂದಿನಿಂದ ಶಾಟುಗಳ ನಡುವೆ ಇಬ್ಬರದೂ ಕನ್ನಡ. ಅತ್ತೆಯ ಪಾತ್ರದ ಹಿರಿಯ ನಟಿ, ಈ ಮಕ್ಕಳು ಏನೋ ಸ್ತೋತ್ರ ಹೇಳಿಕೊಳ್ಳುತ್ತಾರೆಂದು ಭಾವಿಸಿ ಮೆಚ್ಚಿಕೊಂಡಿದ್ದರು. ಆ ಸ್ತೋತ್ರದಲ್ಲಿ ಬಹುಪಾಲು ಡೈರೆಕ್ಟರನ ವರ್ಣನೆ ಇರುತ್ತಿತ್ತು.

ಪ್ರೀತಿಯ ಮಾತನ್ನು ಮಾತ್ರ ಅವರು ಕನ್ನಡದಲ್ಲಿ ಆಡಲಿಲ್ಲ. ಮರಾಠಿಯಲ್ಲಿ ದಿನವೂ ಆಡುತ್ತಿದ್ದರು, ಕ್ಯಾಮೆರಾದ ಮುಂದೆ, ರೀಟೇಕ್ ಸಮೇತ. ಕನ್ನಡದ್ದನ್ನು ಇಬ್ಬರೂ ಜೋಪಾನವಾಗಿ ತೆಗೆದಿಟ್ಟಿದ್ದರು. ಇವತ್ತು ಬೇಡ, ನಾಳೆ ಎಂದು.

ಆ ನಾಳೆಗಳಲ್ಲೊಂದು ದಿನ ಅವನು ಸೆಟ್ಟಿಗೆ ಬರಲಿಲ್ಲ. ಮೀನಲ ಸೀರೆಯುಟ್ಟು ಪಡಸಾಲೆಯ ಸೆಟ್ಟಿಗೆ ಬಂದಾಗ ಆರ್ಟ್ ಡಿಪಾರ್ಟ್‌ಮೆಂಟಿನವರು ಗೋಡೆಗೆ ಅವನ ಫೋಟೋ ತೂಗುಹಾಕುತ್ತಿದ್ದರು. ಫೋಟೋಕ್ಕೆ ಹಾರವಿತ್ತು. ಅವನು ಸಿನಿಮಾಕ್ಕಾಗಿ ಮಾಲಿಕೆ ಬಿಟ್ಟ ಸುದ್ದಿಯನ್ನು ಅವಳಿಗೆ ಹೇಳಬಾರದೆಂದು ಡೈರೆಕ್ಟರ್ ಸೆಟ್ಟಿನವರೆಲ್ಲರಿಂದ ಆಣೆ ಮಾಡಿಸಿದ್ದ. ಕ್ಯಾಮೆರಾ ಮೊದಲೇ ತಿರುಗುತ್ತಿತ್ತು. ಅವಳು ನೆಲಕ್ಕೆ ಕುಸಿದಳು. ಒಂದೇ ಟೇಕ್. ಆ ವಾರ ಆ ಚಾನಲ್ಲನ್ನು ಮೀರಿಸಿದವರಿಲ್ಲ. ವರ್ಷದ ಕೊನೆಗೆ ಆ ಅಳುವಿಗೆ ಒಂದು ಅವಾರ್ಡ್ ಕೂಡ ಕೊಟ್ಟರು.

ಅವನ ಸಿನಿಮಾ ಪೋಸ್ಟರಿನ ತನಕ ಬಂದು ನಿಂತಿತು. ಕೆಲಕಾಲ ಮೊಬೈಲ್ ಅಂಗಡಿಗಳ ರಿಬ್ಬನ್ ಕತ್ತರಿಸಿದ. ಆಮೇಲೆ ರಿಬ್ಬನ್ನಿಗೂ ಹೊಸಬರು ಸಿಕ್ಕರು. ಈಗ ತುರೋರಿಯಲ್ಲಿ ಅಪ್ಪ ಅಮೃತಪ್ಪನ ಕುರಿಗಳ ಹಿಂದೆ ಹೋಗುತ್ತಾನೆಂದು ಮೀನಲ ಕೇಳಿದ್ದಳು. ಅವಳ ಕಥೆಯೂ ಬೇರೆಯಲ್ಲ. ವಿಧವೆಯ ಬಿಳಿ ಸೀರೆಯಲ್ಲಿ ಅವಳು ಎಷ್ಟು ಚೆನ್ನಾಗಿ ಕಂಡಳೆಂದರೆ, ಮುಂದೆ ಬಂದ ಪಾತ್ರಗಳೆಲ್ಲ ಬಿಳಿ ಸೀರೆಯವೇ. ಬೇಸತ್ತು ಮಾಲಿಕೆ ಬಿಟ್ಟಳು. ಮುಂಬಯಿಯಲ್ಲಿ ಆಡಿಶನ್ನಿಗೆ ಹೋದಲ್ಲೆಲ್ಲ, ಮುಖ ಬಹಳ ಪರಿಚಿತವಾಯಿತು ಅಂದರು. ಹೊಸಬಳಾಗಿದ್ದಾಗ ಮುಖ ಪರಿಚಯವಿಲ್ಲ ಅಂದಿದ್ದರು. ಸ್ವಲ್ಪ ದಿನ ಇದ್ದು ಬರುತ್ತೇನೆಂದು ನಿಲಂಗಾಕ್ಕೆ ಬಂದವಳು ಅಲ್ಲೇ ಉಳಿದಳು. ಶಾಲೆಗಳ ವಾರ್ಷಿಕ ಗ್ಯಾದರಿಂಗಿಗೆ ಜಡ್ಜ್ ಆಗಿ ಹೋಗುತ್ತಾಳೆ.

ವೇದಿಕೆಯ ಮೇಲೆ ಕುಂಕುಮದ ತಾಟು ಬಂತು. ಹಿಡಿದವರು ಅಂಗಡಿಯ ಮಾಲಿಕನ ತಾಯಿ ಶಿವಗಂಗಾಬಾಯಿ, ತುಂಬು ಮನಸ್ಸಿನ ಹೆಂಗಸು. ಒಂದು ತುದಿಯಿಂದ ಒಬ್ಬೊಬ್ಬರಿಗೆ ಅರಿಶಿನ, ಕುಂಕುಮ, ಎಳ್ಳು ಬೆಲ್ಲ. ಮೀನಲಳ ಮುಂದೆ ಬಂದಾಗ ಕುಂಕುಮದಲ್ಲಿ ಅದ್ದಿದ ಬೆರಳು ಗಾಳಿಯಲ್ಲೇ ತಡೆಯಿತು. ತಡೆದು, ಅವಳನ್ನು ದಾಟಿ, ಪಕ್ಕದ ಡಾಕ್ಟರಮ್ಮನ ಹಣೆಗೆ ಹೋಯಿತು. ಮೀನಲಳ ಕೈಯಲ್ಲಿ ಎಳ್ಳು ಬೆಲ್ಲ ಮಾತ್ರ ಬಿತ್ತು, ಉಳಿದವರಿಗಿಂತ ಎರಡು ಪಾಲು ಹೆಚ್ಚು.

ಕೆಟ್ಟ ಮನಸ್ಸೇನಲ್ಲ. ಮೀನಲಳಿಗೆ ಮದುವೆಯೇ ಆಗಿಲ್ಲವೆಂಬುದು ಶಿವಗಂಗಾಬಾಯಿಗೆ ಗೊತ್ತಿತ್ತು. ಬೆಳಿಗ್ಗೆ ವರ ನೋಡುತ್ತಿದ್ದೀರೇನು ಎಂದು ಅವರೇ ಕೇಳಿದ್ದರು. ಆದರೆ ಗೊತ್ತಿರುವುದು ಬೇರೆ, ಕೈ ಬರುವುದು ಬೇರೆ. ಆ ಬಿಳಿ ಸೀರೆಯ ಜೊತೆ ಅವರು ವರ್ಷಗಟ್ಟಲೆ ಕೂತು ಅತ್ತಿದ್ದರು. ಅಷ್ಟು ಅತ್ತ ಮೇಲೆ, ಆ ಹಣೆಗೆ ಬೆರಳು ಹೋಗುವುದು ಸುಲಭವಲ್ಲ.

ಮೀನಲಳಿಗೆ ಇದು ಹೊಸದಲ್ಲ. ಔರಾದದಲ್ಲಿ ಆಗಿತ್ತು, ಶಿರೂರ ಅನಂತಪಾಳದಲ್ಲಿ ಆಗಿತ್ತು. ಅವಳ ತಾಯಿ ಚಂಪಾಬಾಯಿ ಇಂಥ ಕಡೆ ಜೊತೆಗೆ ಬರುವುದನ್ನೇ ಬಿಟ್ಟಿದ್ದಳು. ಇಂಥ ಹೊತ್ತಿಗೆಂದೇ ಒಂದು ನಗೆಯನ್ನು ಮೀನಲ ರೂಢಿ ಮಾಡಿಕೊಂಡಿದ್ದಳು. ಅದನ್ನು ಹಾಕಿಕೊಂಡು ಪಕ್ಕಕ್ಕೆ ನೋಡಿದರೆ ಕನಕರಾಜ ತಾಟನ್ನೇ ನೋಡುತ್ತಿದ್ದ. ಮಾಲಿಕೆಯಲ್ಲಿ ಸತ್ತವನು ತಾನೊಬ್ಬನೇ ಎಂದು ಅವನು ಇಲ್ಲಿಯವರೆಗೆ ತಿಳಿದಿದ್ದ. ಆ ತಿಳಿವಳಿಕೆ ಅವನ ಮುಖದಿಂದ ಇಳಿದು ಹೋಗುವುದನ್ನು ಅವಳು ಕಂಡಳು. ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಅವಳಿಗೆ ಬೇಕಿದ್ದದ್ದು ಬೇರೆ. ಅಂದು ಮುಂಜಾನೆ ಪ್ರೊಡಕ್ಷನ್ನಿನ ಯೋಗಿತಾ ಮ್ಯಾಡಮ್ ಫೋನು ಮಾಡಿದ್ದರು. ಮಾಲಿಕೆ ಮತ್ತೆ ಶುರುವಾಗುತ್ತದೆ; ಸಂಗ್ರಾಮ ಸತ್ತಿರಲಿಲ್ಲ, ನೆನಪು ಹೋಗಿ ಎಲ್ಲೋ ಇದ್ದ, ತಿರುಗಿ ಬರುತ್ತಾನೆ. ಇಬ್ಬರೂ ಒಪ್ಪಿದರೆ ಮಾತ್ರ, ಒಬ್ಬರಿಂದ ಆಗದು. ಕನಕರಾಜನಿಗೆ ನಿನ್ನೆಯೇ ತಿಳಿಸಿದ್ದೇವೆ, ನಿನ್ನ ಉತ್ತರ ಸಂಜೆಯೊಳಗೆ ಬೇಕು. ಚಂಪಾಬಾಯಿ ಕೇಳಿ ಕೂಡಲೆ ಒಪ್ಪಿಕೊ ಎಂದಿದ್ದಳು. "ಕುಂಕುಮ ಒರೆಸಿದವ್ರು ಅವರೇ, ಅವರೇ ಹಚ್ಚಲಿ," ಎಂಬುದು ಅವಳ ನ್ಯಾಯ.

ಮೀನಲಳ ನ್ಯಾಯ ಬೇರೆಯಿತ್ತು. ಅವಳಿಗೆ ಕೆಲಸ ಬೇಕಿತ್ತು, ಹಸಿದವರಿಗೆ ಅನ್ನ ಬೇಕಾಗುವಂತೆ. ಕನಕರಾಜನೂ ಬೇಕಿತ್ತು, ಅದನ್ನು ತನಗೆ ತಾನೇ ಹೇಳಿಕೊಳ್ಳುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ಆದರೆ ಹೇಳದೆ ಹೋದವನ ಕೈ ಮತ್ತೆ ಹಿಡಿಯುವುದು ಹೇಗೆ? ಅವನನ್ನು ವೇದಿಕೆಯ ಮೇಲೆ ಕಂಡ ಕೂಡಲೆ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು: ಈ ಫೋನಿನ ಸುದ್ದಿಯನ್ನು ಅವನಾಗಿಯೇ ಎತ್ತಿ ನನ್ನೊಡನೆ ಮಾತಾಡಲಿ. ನಿಲಂಗಾ ಬರುವುದರೊಳಗೆ ಮಾತಾಡಿದನೋ, ಇವನು ಬದಲಾಗಿದ್ದಾನೆ. ಇಲ್ಲವೋ, ಫೋಟೋ ಗೋಡೆಯ ಮೇಲೇ ಇರಲಿ.

ಇಬ್ಬರನ್ನೂ ಒಂದೇ ಕಾರಿನಲ್ಲಿ ಕಳಿಸಿದ್ದು ಅಂಗಡಿಯವರಿಗೆ ಡೀಸೆಲ್ಲಿನ ಉಳಿತಾಯ. ಮೊದಲು ನಿಲಂಗಾ, ಅಲ್ಲಿಂದ ಉಮರ್ಗಾ ದಾಟಿ ತುರೋರಿ. ಡ್ರೈವರ್ ಉಮಾಕಾಂತ ಔರಾದ ಶಹಾಜನಿಯವನು, ಮೊಮ್ಮಕ್ಕಳನ್ನು ಕಂಡವನು, ಏಳೂವರೆಯ ಪರಮ ಭಕ್ತ. ಮೀನಲಳನ್ನು, ಅಣ್ಣನ ಹೆಂಡತಿಯನ್ನು ಕರೆಯುವಂತೆ, ವೈನಿ ಎಂದೇ ಕರೆದ. ಸಂಗ್ರಾಮ ಸತ್ತ ದಿನ ತಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲವೆಂದೂ ಮಕ್ಕಳು ಚುರುಮುರಿ ತಿಂದು ಮಲಗಿದವೆಂದೂ ಹೇಳಿದ.

"ನನ್ನ ಸಲುವಾಗಿ ಇಷ್ಟು ಮಂದಿ ಉಪವಾಸ ಇದ್ರೇನು ಮಾಮಾ," ಎಂದ ಕನಕರಾಜ.

"ನಿಮ್ಮ ಸಲುವಾಗಿ ಅಲ್ಲರಿ," ಎಂದು ಉಮಾಕಾಂತ ಮರ್ಯಾದೆಯಿಂದ ತಿದ್ದಿದ. "ಸಂಗ್ರಾಮರಾವ್ ಸಲುವಾಗಿ."

ದೇವಣಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಜೋಳ ತೆನೆ ಹೊತ್ತು ನಿಂತಿತ್ತು. ಬಿಸಿಲು ಇಳಿಮುಖವಾಗಿತ್ತು. ಅವನು ಮುಂದಿನ ಸೀಟಿನಲ್ಲಿ, ಅವಳು ಹಿಂದೆ. ಕನ್ನಡಿಯಲ್ಲಿ ಅವನ ಒಂದು ಕಣ್ಣು ಮತ್ತು ಅರ್ಧ ಮೂಗು ಕಾಣುತ್ತಿತ್ತು. ಆ ಕಣ್ಣು ಆಗಾಗ ಅವಳತ್ತ ಬಂದು, ಸಿಕ್ಕಿಬಿದ್ದು, ತಿರುಗಿ ರಸ್ತೆಗೆ ಹೋಗುತ್ತಿತ್ತು. ಒಮ್ಮೆ ಬೇಕೆಂದೇ ಅವಳು ಅದಕ್ಕಾಗಿ ಕಾದು ಕುಳಿತಳು. ಅದು ಬಂತು, ಅವಳ ಕಣ್ಣು ಅಲ್ಲೇ ಇರುವುದನ್ನು ಕಂಡು ಗಾಬರಿಯಾಗಿ ಜೋಳದ ಹೊಲಕ್ಕೆ ಜಿಗಿಯಿತು.

ಮುಂದೆ ಒಂದು ಹಿಂಡು ಕುರಿ ರಸ್ತೆಯ ತುಂಬ ನಿಂತಿತ್ತು. ಉಮಾಕಾಂತ ಹಾರ್ನು ಹೊಡೆದ. ಕುರಿಗಳು ಹಾರ್ನಿಗೆ ಬೆಲೆ ಕೊಡುವ ಜಾತಿಯಲ್ಲ. ಕನಕರಾಜ ಗಾಜು ಇಳಿಸಿ, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಎಂಥದೋ ಒಂದು ಸಪ್ಪಳ ಮಾಡಿದ. ಹಿಂಡು ಬೈತಲೆ ತೆಗೆದಂತೆ ಎರಡಾಗಿ ಸರಿಯಿತು. ಸರ್‌ದೇಶಮುಖರ ವಾರಸುದಾರನ ಬಾಯಿಂದ ಆ ಸಪ್ಪಳ ಬಂದದ್ದು ಕೇಳಿ ಮೀನಲ ನಕ್ಕುಬಿಟ್ಟಳು. ರೂಢಿಯ ನಗೆಯಲ್ಲ, ಪಕ್ಕದ ಕೋಣೆಯ ಹಳೆಯ ನಗೆ.

ಅವನು ಸೀಟಿನಲ್ಲಿ ಪೂರ್ತಿ ತಿರುಗಿ ಕುಳಿತ. ಬಾಯಿ ತೆರೆದ. ಈಗ ಹೇಳುತ್ತಾನೆ ಎಂದು ಅವಳು ಮುಂದಕ್ಕೆ ಬಾಗಿದಳು.

"ಈ ಸಲ ಜೋಳ ಚಲೋ ಬಂದಾವ," ಎಂದ.

"ಹೌದ್ರಿ," ಎಂದು ಅವಳು ಕಿಟಕಿಯತ್ತ ತಿರುಗಿದಳು.

ಔರಾದದಲ್ಲಿ ಉಮಾಕಾಂತ ಚಹಾಕ್ಕೆ ನಿಲ್ಲಿಸಿದ. ಹೋಟೆಲ್ಲಿನ ಮುಂದೆ ಬೀದರಿನ ಕಡೆ ಹೋಗುವ ಟೆಂಪೋಗಳು ನಿಂತಿದ್ದವು. ಕನಕರಾಜ ಒಂದು ಫೋನು ಮಾಡಿ ಬರುತ್ತೇನೆಂದು ಬೇವಿನ ಮರದ ಕಡೆ ಹೋದ. ಮಿರ್ಚಿಭಜಿ ತಣ್ಣಗಾಗುತ್ತಿತ್ತು. ಮೀನಲ ಗ್ಲಾಸು ಹಿಡಿದು ದೂರದಿಂದ ನೋಡಿದಳು. ಮರಕ್ಕೆ ಒಂದು ಕೈ ಕೊಟ್ಟು ನಿಂತು ಮಾತಾಡುತ್ತಿದ್ದ. ತಲೆ ಅಡ್ಡಡ್ಡ ಅಲ್ಲಾಡುತ್ತಿತ್ತು. ತಿರುಗಿ ಬರುವಾಗ ನಡಿಗೆ ಬದಲಾಗಿತ್ತು. ಬೆನ್ನು ನೆಟ್ಟಗೆ. ಮಾಲಿಕೆಯಲ್ಲಿ ಏನಾದರೂ ದೊಡ್ಡದನ್ನು ಬಿಟ್ಟುಕೊಟ್ಟ ದಿನ ಸಂಗ್ರಾಮ ಹೀಗೆಯೇ ನಡೆಯುತ್ತಿದ್ದ.

ಎದುರಿನ ಬೆಂಚಿನಲ್ಲಿ ಕುಳಿತು ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಯೋಗಿತಾ ಮ್ಯಾಡಮ್ ಕೇಳಿದ್ದು, ತಾನು ಒಪ್ಪುವವನಿದ್ದದ್ದು, ಇವತ್ತು ಉದಗೀರಕ್ಕೆ ಬಂದದ್ದೇ ಅವಳನ್ನು ಕಾಣಲು ಎಂಬುದು, ಅಂಗಡಿಯವರಿಂದ ಸಂಭಾವನೆ ಕೂಡ ತೆಗೆದುಕೊಂಡಿಲ್ಲ ಎಂಬುದು.

"ಆ ತಾಟ ನಿನ್ನ ದಾಟಿ ಹೋಗಿದ್ದು ಕಂಡೆ," ಎಂದ. "ನಾ ಸತ್ತೆ, ಶಿಕ್ಷಾ ನಿನ್ನ ಹಣಿಗಿ ಆಯ್ತು. ಇನ್ನ ಆ ಸೀರಿಯಲ್ಲಿನವರ ಕೈಯಾಗ ನಿನ್ನ ಕೊಡೂದಿಲ್ಲ ಮೀನಲ. ಈಗ ಫೋನ್ ಮಾಡಿ ಬ್ಯಾಡ ಅಂತ ಹೇಳಿಬಿಟ್ಟೆ. ಸಂಗ್ರಾಮ ಸತ್ತಾನ, ಸತ್ತೇ ಇರಲಿ ಅಂದೆ."

ಚೆಂದದ ಮಾತು. ಯಾರೂ ಅವಳಿಗಾಗಿ ಏನನ್ನೂ ಬಿಟ್ಟವರಲ್ಲ. ಇವನು ಇದ್ದೊಂದು ದಾರಿ ಬಿಟ್ಟು ಬಂದಿದ್ದ. ಕೈ ಚಾಚಿದರೆ ಅವನ ಕೈ ಸಿಗುವಷ್ಟು ಹತ್ತಿರದಲ್ಲಿತ್ತು. ಅವಳು ಗ್ಲಾಸನ್ನು ಕೆಳಗಿಟ್ಟಳು.

"ನನ್ನ ಕೇಳಿದೇನು?" ಎಂದಳು.

ಅವನಿಗೆ ತಿಳಿಯಲಿಲ್ಲ.

"ಇಬ್ಬರೂ ಹೂಂ ಅಂದ್ರ ಆಗೋ ಕೆಲಸ. ನೀ ಒಬ್ಬನ ಉಹೂಂ ಅಂದು ಬಂದಿ. ನನ್ನ ಪಾಲಿಂದೂ ನೀನ ಅಂದಿ. ಅವತ್ತ ಹೋಗುವಾಗೂ ಕೇಳಲಿಲ್ಲ, ಹೇಳಲಿಲ್ಲ. ಇವತ್ತೂ ಹಂಗ. ಅವತ್ತ ನಿನ್ನ ಆಶಾಕ್ಕ, ಇವತ್ತ ನನ್ನ ಚಲೋದಕ್ಕ. ನನಗ ಎರಡೂ ಒಂದೇ ಕಂಡಾವ."

"ನಿನ್ನ ಹಣಿ..."

"ನನ್ನ ಹಣಿ ನಾ ನೋಡ್ಕೋತೀನಿ. ನನಗ ಕೆಲಸ ಬೇಕಾಗ್ಯಾದ."

ಸಿಟ್ಟಿನಲ್ಲಿ 'ರೀ' ಎಲ್ಲೋ ಉದುರಿ ಹೋಗಿತ್ತು. ಇಬ್ಬರೂ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಅವನ ನೆಟ್ಟಗಿನ ಬೆನ್ನು ನಿಧಾನವಾಗಿ ಬಾಗಿತು. ಅದನ್ನು ನೋಡುವುದು ಅವಳಿಗೆ ಸುಖವಾಗಿರಲಿಲ್ಲ, ಆದರೂ ನೋಡಿದಳು.

ಮತ್ತೆ ಕಾರು ಹೊರಟಾಗ ಅವನು ಮುಂದೆ ಕೂಡಲಿಲ್ಲ, ಹಿಂದೆ ಬಂದು ಕುಳಿತ, ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು. ಉಮಾಕಾಂತ ಹಾಡು ಹಾಕಿ, ಸಂದರ್ಭ ಸರಿಯಿಲ್ಲವೆಂದು ತೆಗೆದ.

"ಹೇಳಿದ್ರ ನೀ ಬ್ಯಾಡ ಅಂತಿದ್ದಿ," ಎಂದ ಕನಕರಾಜ, ಕಿಟಕಿಗೆ ಹೇಳುವಂತೆ. "ನೀ ಬ್ಯಾಡ ಅಂದಿದ್ರ ನಾ ಹೋಗತಿರಲಿಲ್ಲ. ಅದಕ್ಕ ಹೇಳಲಿಲ್ಲ."

"ನಾ ಹೋಗು ಅಂತಿದ್ದೆ," ಎಂದಳು ಮೀನಲ.

ಅವನು ತಿರುಗಿ ನೋಡಿದ.

"ಹೋಗು ಅಂತಿದ್ದೆ. ಟ್ಯಾಕ್ಸಿ ತನಕ ಬಂದು ಕಳಿಸತಿದ್ದೆ. ಪಿಚ್ಚರ್ ನಿಂತ ದಿನ ನೀ ಫೋನ್ ಮಾಡಿ ಅತ್ತಿದ್ರ ಕೇಳತಿದ್ದೆ. ನೀ ಒಂದ ಸಲ ಕೇಳಬೇಕಿತ್ತು, ಅಷ್ಟ."

ಉಮಾಕಾಂತನಿಗೆ ಇದು ಬಿಟ್ಟಿ ಎಪಿಸೋಡು, ಅದೂ ಅಡ್ವರ್ಟೈಸ್‌ಮೆಂಟ್ ಇಲ್ಲದ್ದು. ಆದರೂ ಅವನು ಕೈಯೆತ್ತಿ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿದ.

ಆಮೇಲೆ ಕನಕರಾಜ ಹೇಳಿದ್ದನ್ನು ಅವಳು ನಿರೀಕ್ಷಿಸಿರಲಿಲ್ಲ. ಆ ಹಾರದ ಎಪಿಸೋಡನ್ನು ಅವನು ಪುಣೆಯ ಒಂದು ಲಾಡ್ಜಿನಲ್ಲಿ ಕೂತು ಫೋನಿನಲ್ಲಿ ನೋಡಿದ್ದ. ಅವಳು ನೆಲಕ್ಕೆ ಕುಸಿಯುವ ಜಾಗದಲ್ಲಿ ಎಡಿಟಿಂಗಿನವರು ಅವಳ ದನಿ ತೆಗೆದು ಕೊಳಲು ಹಾಕಿದ್ದರು. ಮಹಾರಾಷ್ಟ್ರವೆಲ್ಲ ಕೊಳಲು ಕೇಳಿ ಅತ್ತಿತು. ಅವನು ಮಾತ್ರ ತುಟಿ ನೋಡುತ್ತಿದ್ದ.

"ನೀ ಮರಾಠಿಯಾಗ ಅಳಲಿಲ್ಲ," ಎಂದ. "ಅಯ್ಯೋ ಯವ್ವಾ ಅಂದಿ. ಅದು ಮೃದುಲಾ ಅಲ್ಲ, ನೀನ ಅಂತ ನನಗೊಬ್ಬನಿಗಿ ತಿಳೀತು. ಅವತ್ತಿಂದ ಫೋನ್ ಕೈಯಾಗ ಹಿಡದೀನಿ. ಪಿಚ್ಚರ್ ಬಂದ ಮ್ಯಾಲ ಮಾಡಬೇಕು, ದೊಡ್ಡಾಂವ ಆಗಿ ಮಾಡಬೇಕು ಅಂತ. ಪಿಚ್ಚರ್ ಬರಲಿಲ್ಲ. ಬರಿಗೈಲೆ ಹ್ಯಾಂಗ ಮಾಡ್ಲಿ ಅಂತ ಸುಮ್ಕ ಕುಂತೆ."

ಹೊರಗೆ ಹೊಲಗಳು ನೀಲಿಯಾಗತೊಡಗಿದ್ದವು. ಮೀನಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆ ಅಳು ಯಾರಿಗೂ ತಲುಪಲಿಲ್ಲವೆಂದು ಇಷ್ಟು ದಿನ ತಿಳಿದಿದ್ದಳು. ಅವಾರ್ಡಿನ ಗೊಂಬೆ ಮನೆಯ ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ತಲುಪಬೇಕಾದವನಿಗೆ ತಲುಪಿತ್ತು, ಅವನೂ ಸುಮ್ಮನಿದ್ದ. ನಡುವಿನ ಜಾಗ ಹಾಗೆಯೇ ಇತ್ತು. ಯಾರೂ ಸರಿಯಲಿಲ್ಲ.

ನಿಲಂಗಾದಲ್ಲಿ ಅವಳ ಓಣಿಯ ಬಾಯಿಗೆ ಕಾರು ನಿಂತಾಗ ಅವನೂ ಇಳಿದ. ಈಗಲೇ ಯೋಗಿತಾ ಮ್ಯಾಡಮ್‌ಗೆ ಫೋನು ಮಾಡಿ ತಪ್ಪಾಯಿತೆಂದು ಹೇಳಲೇ ಎಂದ. ನೀನು ಏನು ಅನ್ನುತ್ತೀಯೋ ಅದು ಎಂದ. ಅದೂ ಬೇಡವೆಂದಳು. ತನ್ನ ಮಾತನ್ನು ಯೋಗಿತಾಗೆ ತಾನೇ ಹೇಳುತ್ತೇನೆ, ನಿನ್ನದನ್ನು ನೀನು ಹೇಳು, ಆದರೆ ಇವತ್ತಲ್ಲ.

"ಈಗ ಕೇಳ್ಲೇನು ನಿನಗ?" ಎಂದ. ದನಿ ಸಣ್ಣದಾಗಿತ್ತು.

"ಈಗ ಬ್ಯಾಡ. ಈಗ ನೀ ಹೆದರಿ ಕೇಳ್ತಿ, ನಾ ಕನಿಕರಕ್ಕ ಹೂಂ ಅಂತೀನಿ. ಮನಿಗಿ ಹೋಗು. ಒಂದ ರಾತ್ರಿ ನಿದ್ದಿ ಮಾಡು. ನಾಳಿ ಹಗಲಾಗ ಬಂದು ಕೇಳು."

"ಯಾವುದು ಕೇಳ್ಲಿ? ಸೀರಿಯಲ್ಲೋ, ಇಲ್ಲಾ..."

ಅವನು ಆ ವಾಕ್ಯ ಮುಗಿಸಲಿಲ್ಲ. ಅವಳ ತುಟಿಯಂಚಿಗೆ ಏನೋ ಬಂದು ಹೋಯಿತು. ಓಣಿಯ ದೀಪ ಇನ್ನೂ ಹತ್ತಿರಲಿಲ್ಲ, ಅವನಿಗೆ ಕಾಣಿಸಿರಲಾರದು.

"ಎರಡೂ ಕೇಳು," ಎಂದಳು. "ಬ್ಯಾರೆ ಬ್ಯಾರೆ ಕೇಳು."

ಮನೆಗೆ ಬಂದು ಯೋಗಿತಾಗೆ ಫೋನು ಮಾಡಿದಳು. ಅವರು ಸಂಜೆಯ ಎರಡನೆಯ ಆಘಾತಕ್ಕೆ ತಯಾರಾದ ದನಿಯಲ್ಲಿ ಎತ್ತಿಕೊಂಡರು. ನಾನು ಮಾಡುತ್ತೇನೆ, ಎಂದಳು ಮೀನಲ. ಹಾಗಾದರೆ ಅವನಿಗೂ ನೀನೇ ಹೇಳಿ ಒಪ್ಪಿಸಿಬಿಡು, ನಿನ್ನ ಮಾತು ಮೀರುವುದಿಲ್ಲ ಎಂದರು ಅವರು. ಅವನ ಪರವಾಗಿ ನಾನು ಹೂಂ ಅನ್ನಲಾರೆ, ಅವನನ್ನೇ ಕೇಳಿ, ನಾಳೆ ಸಂಜೆಯ ತನಕ ಕಾಯಿರಿ ಎಂದಳು ಇವಳು. ಪ್ರೊಡಕ್ಷನ್ನಿನವರು ಕಾಯುವುದಿಲ್ಲವೆಂಬುದು ಪ್ರಸಿದ್ಧ. ಕಾದರು.

ಮರುದಿನ ಮುಂಜಾನೆ ಮೀನಲ ತಲೆಗೆ ಎರೆದುಕೊಂಡಳು. ಒಂದೇ ಸೀರೆಗೆ ಎರಡು ಸಲ ಇಸ್ತ್ರಿ ಮಾಡಿದಳು. ಬಸ್‌ಸ್ಟ್ಯಾಂಡು ಹತ್ತಿರವೇ, ಉಮರ್ಗಾದ ಕೆಂಪು ಬಸ್ಸು ಬಂದಾಗಲೆಲ್ಲ ಹಾರ್ನು ಅಡಿಗೆಮನೆಗೆ ಕೇಳುತ್ತದೆ. ಚಂಪಾಬಾಯಿ ಕಣ್ಣಂಚಿನಲ್ಲಿ ಎಲ್ಲವನ್ನೂ ನೋಡಿದಳು, ಏನೂ ಕೇಳಲಿಲ್ಲ. ಸಂಗ್ರಾಮನನ್ನು ಅವಳು ಅಳಿಯನಂತೆ ಹಚ್ಚಿಕೊಂಡಿದ್ದಳು. ಕನಕರಾಜನ ಹೆಸರೆತ್ತಿದರೆ ಪಾತ್ರೆಗಳು ಸಪ್ಪಳ ಮಾಡುತ್ತಿದ್ದವು. ಅಪ್ಪ ಮನ್ಮಥಪ್ಪ ಪಡಸಾಲೆಯ ಹೊರಸಿನ ಮೇಲೆ ಪೇಪರು ಹಿಡಿದಿದ್ದ. ಜಾತಿಯಿಲ್ಲ, ಮುಂಡೆ ಮುತ್ತೈದೆ ಎಂಬ ಭೇದವಿಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳುವುದನ್ನು ಸೋಮವಾರ ಸೋಮವಾರ ತಲೆದೂಗಿ ಕೇಳಿ ಬರುವ ಮನುಷ್ಯ. ತಲೆದೂಗಿದ್ದನ್ನು ಪಡಸಾಲೆಯಲ್ಲಿ ತೋರಿಸುವ ಪ್ರಸಂಗ ಅವನಿಗೆ ಇನ್ನೂ ಬಂದಿರಲಿಲ್ಲ.

ಮೊದಲ ಬಸ್ಸಿನಲ್ಲಿ ಅವನಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದಾಗ ಹಸಿವಿಲ್ಲವೆಂದಳು. ಹೇಳದೆ ಹೋಗುವುದು ಅವನ ರೂಢಿ, ಕೇಳದೆ ಇರುವುದೂ ರೂಢಿಯೇ ಆದೀತು; ಹೀಗೆಲ್ಲ ತನಗೆ ತಾನೇ ಹೇಳಿಕೊಂಡು ಇಸ್ತ್ರಿಯ ಸೀರೆಯನ್ನು ತಿರುಗಿ ಮಡಚಿದಳು. ಆಗ ಮತ್ತೊಂದು ಹಾರ್ನು. ಸ್ವಲ್ಪ ಹೊತ್ತಿಗೆ ಹೊರಗೆ ಚಪ್ಪಲಿ ಬಿಡುವ ಸಪ್ಪಳ.

ಈ ಸೀಮೆಯಲ್ಲಿ ಹೆಣ್ಣು ಕೇಳುವುದೆಂದರೆ ಹಿರಿಯರು ಹಿರಿಯರನ್ನು ಕೇಳುವುದು. ಹುಡುಗ ಬಾಯಿ ಮುಚ್ಚಿ ಕೂಡುತ್ತಾನೆ, ಹುಡುಗಿ ಚಹಾ ಹಿಡಿದು ಬರುತ್ತಾಳೆ. ಎಲ್ಲರನ್ನೂ ಕೇಳಿ ಮುಗಿದ ಮೇಲೆ ಹೊತ್ತು ಉಳಿದರೆ ಅವಳನ್ನೂ ಕೇಳುವುದುಂಟು. ಆದ್ದರಿಂದ ಒಬ್ಬನೇ ಬಂದು ನಿಂತವನನ್ನು ನೋಡಿ ಮನ್ಮಥಪ್ಪ ಪೇಪರು ಇಳಿಸಿ, ಹಿರಿಯರು ಯಾರೂ ಬಂದಿಲ್ಲವೇನು ಎಂದು ವಿಚಾರಿಸಿದ.

"ಅಪ್ಪ ಕುರಿ ಹಿಂದ ಹೋಗ್ಯಾನ್ರಿ," ಎಂದಿತು ಕನಕರಾಜನ ದನಿ. "ಅವ್ವ ಬರ್ತೀನಿ ಅಂದಳು. ನಾನ ಬ್ಯಾಡ ಅಂದೆ. ನಿಮಗ ಕೇಳಾಕ ಅವರು ಬರತಾರ. ನಾ ಮೊದಲ ಆಕಿಗಿ ಕೇಳಬೇಕಾಗ್ಯಾದ್ರಿ. ಆಕಿ ಬ್ಯಾಡ ಅಂದ್ರ ಅವರು ಬರೂದಿಲ್ಲ."

ಅಡಿಗೆಮನೆಯ ಪರದೆಯ ಹಿಂದೆ ಮೀನಲ ಉಸಿರು ಹಿಡಿದು ನಿಂತಿದ್ದಳು. ಪರದೆಯ ಸಂದಿಯಲ್ಲಿ ಅಪ್ಪನ ಕಾಲು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಆ ಕಾಲು ಹೊರಸಿನ ಒಂದು ಬದಿಗೆ ಸರಿಯಿತು. ಇನ್ನೊಬ್ಬರು ಕೂಡುವಷ್ಟು ಜಾಗವಾಯಿತು.

ಚಂಪಾಬಾಯಿ ಬಾಗಿಲಲ್ಲಿ ನಿಂತು ಬಂದವನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಪಾತ್ರೆಗಳ ಸಪ್ಪಳವಾಗಲಿಲ್ಲ. ಆಮೇಲೆ, ಮನೆಗೆ ಹಾಲಿನವನು ಬಂದಾಗ ಕೂಗುವಷ್ಟೇ ಸಾದಾ ದನಿಯಲ್ಲಿ ಒಳಗೆ ಕೂಗಿದಳು.

"ಮೀನಲ, ಕೇಳಾಂವ ಬಂದಾನ ನೋಡು."

ಇಸ್ತ್ರಿಯ ಸೀರೆ ಮಡಿಕೆಯಲ್ಲೇ ಉಳಿಯಿತು. ಮನೆಯಲ್ಲಿ ಉಡುವ ಸೀರೆಯಲ್ಲೇ, ಬಿಚ್ಚಿದ ಕೂದಲಿನಲ್ಲೇ ಅವಳು ಹೊರಗೆ ಬಂದಳು. ಅವನು ಹೊರಸಿನ ಮೇಲೆ ಕೂತಿರಲಿಲ್ಲ. ಮುಖ ಬಾಡಿತ್ತು, ನಿದ್ದೆ ಮಾಡು ಎಂಬ ಮಾತನ್ನು ಪಾಲಿಸಿದಂತೆ ಕಾಣಲಿಲ್ಲ. ಅವನ ಕಣ್ಣು ಈ ಸಲ ಎಲ್ಲಿಗೂ ಜಿಗಿಯಲಿಲ್ಲ. ಮರಾಠಿಯಲ್ಲಿ ನೂರಾರು ಸಲ, ಬರೆದುಕೊಟ್ಟಿದ್ದನ್ನು, ದೀಪದ ಬೆಳಕಿನಲ್ಲಿ ಹೇಳಿದ ನಟ ಈಗ ಬರೆದುಕೊಡುವವರಿಲ್ಲದೆ ಗಂಟಲು ಸರಿಮಾಡಿಕೊಂಡ.

"ನಾ ನಿನ್ನ ಜೋಡಿ ಇರ್ಲೇನು?" ಎಂದು ಕೇಳಿದ.

ಇಷ್ಟೇ. ಕೊಳಲಿಲ್ಲ. ಅವಳು ಅವನನ್ನು ನೋಡುತ್ತ ನಿಂತಳು. ಬೇಡವೆಂದರೆ ಇವನು ಹೋಗುತ್ತಾನೆ. ಈ ಸಲ ಹೇಳಿಯೇ ಹೋಗುತ್ತಾನೆ. ಉತ್ತರ ತನ್ನ ಕೈಯಲ್ಲಿರುವುದು ಎಂಥದೆಂದು ಅವಳಿಗೆ ಜೀವನದಲ್ಲಿ ಮೊದಲ ಸಲ ತಿಳಿಯಿತು. ಅದನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಳು. ಪೇಪರಿನ ಹಿಂದೆ ಮನ್ಮಥಪ್ಪ ಪುಟ ತಿರುಗಿಸುವುದನ್ನು ನಿಲ್ಲಿಸಿದ್ದ.

"ಇರು," ಎಂದಳು.

ಅವನು ಹೊರಸಿನ ಮೇಲೆ ಕುಸಿದು ಕುಳಿತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಎರಡನೆಯ ಪ್ರಶ್ನೆಯನ್ನು, ಸೀರಿಯಲ್ಲಿನದನ್ನು, ಪೂರ್ತಿ ಮರೆತುಬಿಟ್ಟಿದ್ದ. ಅದನ್ನು ಅವಳೇ ನೆನಪು ಮಾಡಿಕೊಡಬೇಕಾಯಿತು.